ಕೆಲಸದಲ್ಲಿ ಪೆಟ್ಟಾದರೆ ಪರಿಹಾರ ಯಾರಿಂದ, ಎಷ್ಟು, ಹೇಗೆ

ಪೀಣ್ಯದಂಥ ಕೈಗಾರಿಕಾ ಪ್ರದೇಶದ ಸಣ್ಣ ಪ್ರೆಸ್ ಶಾಪ್‌ಗಳಲ್ಲಿ ಅಪಘಾತವೆಂದರೆ ಹೆಚ್ಚಾಗಿ ಬೆರಳು. ತಗಡಿನ ತುಂಡನ್ನು ಡೈ ಮೇಲೆ ಇಡುವುದು, ಪೆಡಲ್ ಒತ್ತುವುದು, ಪೀಸು ಎತ್ತಿ ಪಕ್ಕಕ್ಕೆ ಹಾಕುವುದು. ಶಿಫ್ಟ್ ಮುಗಿಯುವವರೆಗೆ ಅದೇ. ಕೆಲಸ ಬೇಗ ಸಾಗಲಿ ಎಂದು ಗಾರ್ಡ್ ಬಿಚ್ಚಿಟ್ಟಿರುತ್ತಾರೆ. ಒಂದು ಸಲ ಕೈ ಹಿಂದೆ ಬರುವಷ್ಟರಲ್ಲಿ ಮೇಲಿನದು ಇಳಿದುಬಿಟ್ಟಿರುತ್ತದೆ. ಮಷಿನ್ ಒರೆಸುವ ಬಟ್ಟೆಯನ್ನೇ ಕೈಗೆ ಸುತ್ತಿ, ಸೂಪರ್‌ವೈಸರ್ ತನ್ನ ಬೈಕಿನ ಹಿಂದೆ ಕೂರಿಸಿಕೊಂಡು ಹತ್ತಿರದ ನರ್ಸಿಂಗ್ ಹೋಮಿಗೆ ಹೊರಡುತ್ತಾನೆ. ಮಾತು ದಾರಿಯಲ್ಲೇ ಶುರುವಾಗುತ್ತದೆ.

“ನೋಡಪ್ಪಾ, ಡಾಕ್ಟ್ರು ಕೇಳಿದ್ರೆ ಮನೇಲಿ ಬಾಗಿಲಿಗೆ ಸಿಕ್ಕಾಕ್ಕೊಂಡಿದ್ದು ಅಂತ ಹೇಳ್ಬಿಡು. ಇಲ್ಲಾಂದ್ರೆ ಪೊಲೀಸು, ಇನ್‌ಸ್ಪೆಕ್ಟರು ಅಂತ ಸುಮ್ನೆ ರಗಳೆ. ಖರ್ಚೆಲ್ಲ ಓನರ್ ನೋಡ್ಕೋತಾರೆ.”

“ಆಯ್ತು ಸರ್.”

ಈ ‘ಆಯ್ತು ಸರ್’ ಎಷ್ಟು ದುಬಾರಿ ಎಂಬ ಲೆಕ್ಕ ಮುಂದೆ ಬರುತ್ತದೆ. ಅದಕ್ಕೂ ಮೊದಲು ತಿಳಿದಿರಬೇಕಾದ ಮಾತೊಂದಿದೆ. ಕೆಲಸದ ಅಪಘಾತದ ಕಾನೂನು ತಪ್ಪು ಯಾರದು ಎಂದು ಕೇಳುವುದೇ ಇಲ್ಲ. ಮಷಿನ್ ಹಳೆಯದಿತ್ತೇ, ಮಾಲೀಕರು ಅಸಡ್ಡೆ ಮಾಡಿದರೇ, ಕೆಲಸಗಾರನ ಗಮನ ಒಂದು ಗಳಿಗೆ ಬೇರೆಡೆ ಹೋಯಿತೇ ಎಂಬ ವಿಚಾರಣೆ ಅಲ್ಲಿಲ್ಲ. ಪೆಟ್ಟು ಕೆಲಸದಲ್ಲಿದ್ದಾಗ ಬಿತ್ತು, ಕೆಲಸದ ದೆಸೆಯಿಂದಲೇ ಬಿತ್ತು ಎಂದು ತೋರಿಸಿದರೆ ಸಾಕು. ಹೀಗಾಗಿ ಇಡೀ ವ್ಯಾಜ್ಯ ಬಂದು ನಿಲ್ಲುವುದು ಕಾಗದದ ಮೇಲೆ. ಮೊದಲ ದಿನ ಆಸ್ಪತ್ರೆಯ ಪುಸ್ತಕದಲ್ಲಿ ಏನು ಬರೆದರು, ಹಾಜರಿಯಲ್ಲಿ ಹೆಸರಿತ್ತೇ, ಸಂಬಳ ಎಷ್ಟೆಂದು ತೋರಿಸುವ ಚೀಟಿ ಇದೆಯೇ ಎಂಬುದೇ ಅಲ್ಲಿ ಮುಖ್ಯ. ಬೆರಳು ಹೋದದ್ದು ಎಲ್ಲರ ಕಣ್ಣಿಗೂ ಕಾಣುತ್ತದೆ. ಅದು ಎಲ್ಲಿ ಹೋಯಿತು ಎಂಬುದಕ್ಕೆ ಮಾತ್ರ ಸಾಕ್ಷಿ ಬೇಕು.

ಮೊದಲ ಪ್ರಶ್ನೆ: ಇಎಸ್‌ಐ ಇದೆಯೇ?

ಪರಿಹಾರ ಎರಡು ಕಡೆಯಿಂದ ಬರಬಹುದು. ಕೆಲಸಗಾರರು ಇಎಸ್‌ಐ ವ್ಯಾಪ್ತಿಯಲ್ಲಿದ್ದರೆ ನೌಕರರ ರಾಜ್ಯ ವಿಮಾ ನಿಗಮ ಕೊಡುತ್ತದೆ. ಇಲ್ಲದಿದ್ದರೆ ಮಾಲೀಕರೇ ಕೈಯಿಂದ ಕೊಡಬೇಕು, ಅಥವಾ ಅವರು ವಿಮೆ ಮಾಡಿಸಿದ್ದರೆ ಅವರ ಪರವಾಗಿ ವಿಮಾ ಕಂಪನಿ ಕೊಡಬೇಕು. ಎರಡೂ ಕಡೆ ಕೇಳುವಂತಿಲ್ಲ. ಮೊದಲನೆಯದಕ್ಕೆ 1948ರ ಕಾಯ್ದೆ ಇತ್ತು, ಎರಡನೆಯದಕ್ಕೆ 1923ರದ್ದು. ಈ 1923ರ ಕಾಯ್ದೆಯ ಹೆಸರು 2010ರಲ್ಲೇ ‘ನೌಕರರ ಪರಿಹಾರ ಕಾಯ್ದೆ’ ಎಂದು ಬದಲಾಯಿತು. ಆದರೂ ಕೋರ್ಟ್ ಆವರಣದಲ್ಲಿ ಈಗಲೂ ‘ವರ್ಕ್‌ಮೆನ್ ಕೇಸು’ ಎಂದರೇ ಜನರಿಗೆ ಅರ್ಥವಾಗುವುದು.

2025ರ ನವೆಂಬರ್ 21ರಂದು ‘ಸಾಮಾಜಿಕ ಭದ್ರತಾ ಸಂಹಿತೆ 2020’ ಜಾರಿಗೆ ಬಂದಿತು. ಎರಡೂ ಹಳೆಯ ಕಾಯ್ದೆಗಳು ಅದರೊಳಗೆ ಸೇರಿಹೋದವು. ಸೆಕ್ಷನ್ ಸಂಖ್ಯೆಗಳು ಬದಲಾದರೂ ಪರಿಹಾರದ ತಿರುಳು ಬಹುಪಾಲು ಹಳೆಯದೇ: ಲೆಕ್ಕದ ಸೂತ್ರ, ಅಂಗಹಾನಿಯ ಪಟ್ಟಿ, ರೋಗಗಳ ಪಟ್ಟಿ ಎಲ್ಲ ಉಳಿದಿವೆ. ಆ ದಿನಕ್ಕಿಂತ ಮೊದಲು ಆದ ಅಪಘಾತಗಳ ಪ್ರಕರಣ ಹಳೆಯ ಕಾಯ್ದೆಯ ಪ್ರಕಾರವೇ ನಡೆಯುತ್ತದೆ.

ಇಎಸ್‌ಐ ಇದೆಯೇ ಎಂದು ತಿಳಿಯುವುದು ಕಷ್ಟವಲ್ಲ. 10 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಾರ್ಖಾನೆ, ಅಂಗಡಿ, ಹೋಟೆಲ್‌ಗಳಲ್ಲಿ ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರು ಅದರ ವ್ಯಾಪ್ತಿಗೆ ಬರುತ್ತಾರೆ. ಈ ಮಿತಿ 2017ರಿಂದ ಇದೆ. ಮಿತಿಯೊಳಗಿದ್ದೀರೋ ಇಲ್ಲವೋ ಎಂದು ನೋಡುವಾಗ ಓಟಿ ಹಣ ಲೆಕ್ಕಕ್ಕಿಲ್ಲ. ಸಂಬಳದಿಂದ ಶೇ 0.75 ಕಡಿತವಾಗುತ್ತದೆ, ಮಾಲೀಕರು ಶೇ 3.25 ಸೇರಿಸಿ ಕಟ್ಟುತ್ತಾರೆ. ಇಲ್ಲಿ ಒಂದು ಎಚ್ಚರಿಕೆ. ಪೇ ಸ್ಲಿಪ್‌ನಲ್ಲಿ ಕಡಿತ ಕಾಣಿಸಿದ ಮಾತ್ರಕ್ಕೆ ಹಣ ನಿಗಮಕ್ಕೆ ತಲುಪಿದೆ ಎಂದಲ್ಲ. ಮೊಬೈಲಿನಲ್ಲಿ ‘ಉಮಂಗ್’ ಆ್ಯಪ್ ಹಾಕಿಕೊಂಡು ನಿಮ್ಮ ವಿಮಾ ಸಂಖ್ಯೆ ಕೊಟ್ಟರೆ ತಿಂಗಳು ತಿಂಗಳು ಕಟ್ಟಿದ್ದಾರೋ ಇಲ್ಲವೋ ಕಾಣುತ್ತದೆ. ಗಾರ್ಮೆಂಟ್ಸ್‌ನಲ್ಲಿ, ಹೌಸ್‌ಕೀಪಿಂಗ್ ಗುತ್ತಿಗೆಯಲ್ಲಿ ಇರುವವರು ಇದನ್ನು ಆಗಾಗ ನೋಡಿಕೊಳ್ಳುವುದು ಒಳ್ಳೆಯದು.

ನೋಂದಣಿಯೇ ಮಾಡಿಸದಿದ್ದರೆ? ನಷ್ಟ ಕೆಲಸಗಾರರದ್ದಲ್ಲ. ಸಂಸ್ಥೆ ಇಎಸ್‌ಐಗೆ ಒಳಪಡುವಂಥದ್ದಾಗಿದ್ದರೆ ನಿಗಮ ಸೌಲಭ್ಯ ಕೊಟ್ಟು, ಆಮೇಲೆ ಮಾಲೀಕರಿಂದ ವಸೂಲಿ ಮಾಡಬಹುದು. ಕಾಯಿಲೆಯ ಸೌಲಭ್ಯಕ್ಕೆ ಇಷ್ಟು ದಿನ ವಂತಿಗೆ ಕಟ್ಟಿರಬೇಕೆಂಬ ಷರತ್ತಿದೆ, ಕೆಲಸದ ಅಪಘಾತಕ್ಕೆ ಅದಿಲ್ಲ. ಬೆಳಿಗ್ಗೆ ಕೆಲಸಕ್ಕೆ ಸೇರಿ ಮಧ್ಯಾಹ್ನ ಪೆಟ್ಟಾದರೂ ಹಕ್ಕಿದೆ. ಅಪಘಾತವಾದ ಮೇಲೆ ಅವಸರದಲ್ಲಿ ಹೆಸರು ಸೇರಿಸಿ, ‘ನಿನ್ನೆಯಷ್ಟೇ ಸೇರಿದ್ದ’ ಎಂದು ತೋರಿಸುವ ಮಾಲೀಕರೂ ಇದ್ದಾರೆ. ಹಳೆಯ ಸಂಬಳದ ಗುರುತು ಬ್ಯಾಂಕ್ ಪಾಸ್‌ಬುಕ್ಕಿನಲ್ಲೋ ಫೋನ್‌ಪೇ ಇತಿಹಾಸದಲ್ಲೋ ಇದ್ದರೆ ಆ ಆಟ ನಡೆಯುವುದಿಲ್ಲ.

ಇಎಸ್‌ಐ ಏನು ಕೊಡುತ್ತದೆ

ಚಿಕಿತ್ಸೆ ಪೂರ್ತಿ ಇಎಸ್‌ಐ ಆಸ್ಪತ್ರೆಯಲ್ಲಿ. ಬೆಂಗಳೂರಿನವರಿಗೆ ರಾಜಾಜಿನಗರ, ಪೀಣ್ಯದ ಆಸ್ಪತ್ರೆಗಳು ಗೊತ್ತೇ ಇವೆ. ಕಲಬುರಗಿಯಲ್ಲೂ ದೊಡ್ಡ ಆಸ್ಪತ್ರೆ ಇದೆ. ಕೆಲಸಕ್ಕೆ ಹೋಗಲಾಗದ ಅಷ್ಟೂ ದಿನ ಸರಾಸರಿ ದಿನಗೂಲಿಯ ಶೇ 90ರಷ್ಟು ಹಣ ಬರುತ್ತದೆ. ಪೆಟ್ಟಾದ ದಿನ ಬಿಟ್ಟು ಕನಿಷ್ಠ ಮೂರು ದಿನ ಕೆಲಸ ಮಾಡಲಾಗದಂತೆ ಇರಬೇಕು, ಅಷ್ಟೇ. ಅಂಗ ಹೋಗಿ ದುಡಿಯುವ ಶಕ್ತಿ ಶಾಶ್ವತವಾಗಿ ಕುಗ್ಗಿದರೆ, ಕುಗ್ಗಿದ ಪ್ರಮಾಣಕ್ಕೆ ತಕ್ಕಂತೆ ಜೀವನಪೂರ್ತಿ ತಿಂಗಳ ಹಣ. ಸಾವಾದರೆ ಅವಲಂಬಿತರಿಗೆ ತಿಂಗಳ ಹಣ, ಅಂತ್ಯಕ್ರಿಯೆಗೆ 15,000 ರೂಪಾಯಿವರೆಗೆ.

ತಿಂಗಳಿಗೆ 18,000 ರೂಪಾಯಿ ಸಂಬಳದವರ ಹೆಬ್ಬೆರಳು ಪೂರ್ತಿ ಹೋಯಿತೆನ್ನಿ. ದಿನಗೂಲಿ ಸುಮಾರು 600 ಎಂದಿಟ್ಟುಕೊಂಡರೆ ಶೇ 90 ಅಂದರೆ 540. ಹೆಬ್ಬೆರಳಿಗೆ ಪಟ್ಟಿಯಲ್ಲಿ ಶೇ 30 ನಷ್ಟ. ಹಾಗಾಗಿ ದಿನಕ್ಕೆ 162, ತಿಂಗಳಿಗೆ ಹತ್ತಿರಹತ್ತಿರ 4,900 ರೂಪಾಯಿ, ಬದುಕಿರುವವರೆಗೆ. ಮತ್ತೆ ಅದೇ ಕಾರ್ಖಾನೆಗೆ ಹೋಗಿ ಪೂರ್ತಿ ಸಂಬಳ ಪಡೆಯುತ್ತಿದ್ದರೂ ಇದು ನಿಲ್ಲುವುದಿಲ್ಲ. ‘ಕೆಲಸಕ್ಕೆ ವಾಪಸ್ ಬಂದೆಯಲ್ಲ, ಇನ್ನೇನು ಪೆನ್ಷನ್’ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಈ ಪ್ರಮಾಣ ನಿಗದಿ ಮಾಡುವುದು ಮೆಡಿಕಲ್ ಬೋರ್ಡ್. ತಾತ್ಕಾಲಿಕ ರಜೆ ಮುಗಿದ ಮೇಲೆ ಬೋರ್ಡ್ ಮುಂದೆ ಹೋಗಲು ಕೆಲಸಗಾರರೇ ಬ್ರಾಂಚ್ ಆಫೀಸಿನಲ್ಲಿ ಅರ್ಜಿ ಕೊಡಬೇಕಾಗುತ್ತದೆ. ಎಷ್ಟೋ ಜನ ಹಕ್ಕು ಕಳೆದುಕೊಳ್ಳುವುದು ಇಲ್ಲಿ: ಗಾಯ ಮಾಯಿತು, ಫಿಟ್ನೆಸ್ ಸರ್ಟಿಫಿಕೇಟ್ ಸಿಕ್ಕಿತು, ಕೆಲಸಕ್ಕೆ ಹೊರಟುಬಿಟ್ಟರು, ಬೋರ್ಡ್ ಎಂಬುದೊಂದಿದೆ ಎಂದು ಹೇಳಿದವರೇ ಇಲ್ಲ. ಬೋರ್ಡ್ ಕೊಟ್ಟ ಪ್ರಮಾಣ ಕಡಿಮೆಯೆನಿಸಿದರೆ ಮೇಲ್ಮನವಿಗೂ ದಾರಿಯಿದೆ.

ಇಎಸ್‌ಐ ಇಲ್ಲದವರ ಲೆಕ್ಕ

ಕಟ್ಟಡ ಕೆಲಸದವರು, ಲಾರಿ ಡ್ರೈವರ್ ಮತ್ತು ಕ್ಲೀನರ್‌ಗಳು, ಕ್ರಷರ್‌ನವರು, ಕೊಡಗು ಚಿಕ್ಕಮಗಳೂರಿನ ಕಾಫಿ ತೋಟದವರು, ಟ್ರ್ಯಾಕ್ಟರ್ ಓಡಿಸುವವರು, 21,000 ದಾಟಿದ ಸಂಬಳದ ಆಪರೇಟರ್‌ಗಳು: ಇಂಥವರಿಗೆಲ್ಲ ಮಾಲೀಕರಿಂದ ಪರಿಹಾರ. ದಿನಗೂಲಿ, ಬದಲಿ ಕೆಲಸಗಾರ ಎಂಬ ನೆಪ 2000ದ ತಿದ್ದುಪಡಿಯಿಂದಾಚೆಗೆ ನಡೆಯುವುದಿಲ್ಲ.

ಲೆಕ್ಕ ಹೀಗಿದೆ. ಸಾವಾದರೆ ತಿಂಗಳ ಸಂಬಳದ ಶೇ 50ನ್ನು ವಯಸ್ಸಿಗೆ ತಕ್ಕ ಒಂದು ಗುಣಕದಿಂದ ಗುಣಿಸಬೇಕು. ಪೂರ್ತಿ ಶಾಶ್ವತ ಅಂಗವೈಕಲ್ಯವಾದರೆ ಶೇ 60. ಗುಣಕ 20 ವರ್ಷಕ್ಕೆ 224, 30ಕ್ಕೆ 207.98, 40ಕ್ಕೆ 184.17, 50ಕ್ಕೆ 153.09; ವಯಸ್ಸು ಏರಿದಂತೆ ಇಳಿಯುತ್ತದೆ. ಸಂಬಳ ಎಷ್ಟೇ ಇರಲಿ, ಲೆಕ್ಕಕ್ಕೆ ಹಿಡಿಯುವುದಕ್ಕೆ ಒಂದು ಮಿತಿಯಿದೆ. ಹಳೆಯ ಕಾಯ್ದೆಯಡಿ 2020ರ ಜನವರಿಯಲ್ಲಿ ಅದು 8,000ದಿಂದ 15,000ಕ್ಕೆ ಏರಿತ್ತು. ಕೇಂದ್ರ ಸರ್ಕಾರ ಇದನ್ನು ಅಧಿಸೂಚನೆಯಲ್ಲಿ ಏರಿಸಬಹುದಾದ್ದರಿಂದ, ಅಪಘಾತದ ದಿನ ಚಾಲ್ತಿಯಲ್ಲಿದ್ದ ಮಿತಿ ಯಾವುದೆಂದು ವಕೀಲರನ್ನು ಕೇಳಿಕೊಳ್ಳಬೇಕು. ದಿನಕ್ಕೆ ಸಾವಿರ ರೂಪಾಯಿ ದುಡಿಯುವ ಗಾರೆ ಮೇಸ್ತ್ರಿ ಸತ್ತರೂ 15,000ದ ಮೇಲೆ ಲೆಕ್ಕ ಹಾಕುವುದು ನನಗಂತೂ ನ್ಯಾಯವೆನಿಸುವುದಿಲ್ಲ. ಆದರೆ ಕಾನೂನು ಇರುವುದು ಹಾಗೆ.

30 ವರ್ಷದವರು, ಸಂಬಳ 18,000. ಸತ್ತರೆ 7,500 ಗುಣಿಸು 207.98, ಅಂದರೆ 15,59,850 ರೂಪಾಯಿ. ಎರಡೂ ಕೈ ಹೋದರೆ 9,000 ಗುಣಿಸು 207.98, ಅಂದರೆ 18,71,820. ಬದುಕುಳಿದು ದುಡಿಯಲಾರದವರಿಗೆ ಸಾವಿಗಿಂತ ಹೆಚ್ಚು ಪರಿಹಾರ ಇಟ್ಟಿರುವುದು ಸರಿಯಾಗಿಯೇ ಇದೆ. ಅರೆ ಅಂಗವೈಕಲ್ಯಕ್ಕೆ ಈ ಮೊತ್ತದಲ್ಲಿ ಪಾಲು: ಹೆಬ್ಬೆರಳು ಪೂರ್ತಿ ಹೋದರೆ ಶೇ 30, ತೋರುಬೆರಳು ಶೇ 14, ನಡುಬೆರಳು ಶೇ 12, ಒಂದು ಕೈಯ ನಾಲ್ಕು ಬೆರಳು ಹೋದರೆ ಶೇ 50, ಇನ್ನೊಂದು ಕಣ್ಣು ಸರಿಯಿದ್ದು ಒಂದು ಕಣ್ಣು ಹೋದರೆ ಶೇ 40. ಪ್ರೆಸ್ ಶಾಪ್‌ನಲ್ಲಿ ಇದೇ ವಯಸ್ಸು, ಇದೇ ಸಂಬಳದವನ ಹೆಬ್ಬೆರಳಿಗೆ, ಇಎಸ್‌ಐ ಇಲ್ಲದಿದ್ದರೆ, 5,61,546 ರೂಪಾಯಿ. ‘ಆಯ್ತು ಸರ್’ ಎಂದದ್ದು ಇಷ್ಟಕ್ಕೆ. ಇದರ ಜೊತೆಗೆ ಚಿಕಿತ್ಸೆಗೆ ಆದ ನಿಜವಾದ ಖರ್ಚನ್ನೂ ಮಾಲೀಕರು ಕೊಡಬೇಕು. ಓನರ್ ಆಸ್ಪತ್ರೆ ಬಿಲ್ ಕಟ್ಟಿದರು ಎಂದರೆ ಅದು ಉಪಕಾರವಲ್ಲ, ಪರಿಹಾರದಿಂದ ಮುರಿದುಕೊಳ್ಳುವಂಥದ್ದೂ ಅಲ್ಲ.

ಪಟ್ಟಿಯ ಪ್ರಮಾಣವೇ ಕೊನೆಯ ಮಾತಲ್ಲ. ಒಡಿಶಾದ ಜೇಪುರದಲ್ಲಿ 1969ರಲ್ಲಿ ಸಿನಿಮಾ ಮಂದಿರವೊಂದರ ಅಲಂಕಾರದ ಕೆಲಸ ಮಾಡುತ್ತಿದ್ದ ಬಡಗಿಯೊಬ್ಬರು ಬಿದ್ದು ಎಡಗೈ ಕಳೆದುಕೊಂಡರು. ಪಟ್ಟಿಯ ಪ್ರಕಾರ ಒಂದು ಕೈ ಹೋದರೆ ಅರೆ ಅಂಗವೈಕಲ್ಯ ಮಾತ್ರ ಎಂದು ಮಾಲೀಕರ ವಾದ. ಒಂದೇ ಕೈಯಲ್ಲಿ ಬಡಗಿ ಕೆಲಸ ಮಾಡಲಾದೀತೇ? ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಗಿ, 1975ರ ಡಿಸೆಂಬರ್‌ನ ತೀರ್ಪಿನಲ್ಲಿ ಅದು ನೂರಕ್ಕೆ ನೂರು ನಷ್ಟವೆಂದೇ ನಿಂತಿತು. ಪರಿಹಾರ ಬಾಕಿಯಾಗುವುದು ಅಪಘಾತದ ದಿನದಿಂದಲೇ, ತೀರ್ಪಿನ ದಿನದಿಂದಲ್ಲ ಎಂದೂ ಅದೇ ತೀರ್ಪು ಹೇಳಿತು. ಇವತ್ತಿಗೂ ವಕೀಲರು ಮೊದಲು ಎತ್ತಿಕೊಳ್ಳುವುದು ಈ ತೀರ್ಪನ್ನೇ. ಹಾಗಾಗಿ ಡಾಕ್ಟರ ಸರ್ಟಿಫಿಕೇಟಿನಲ್ಲಿ ‘ಕಾಲು ಶೇ 35 ಊನ’ ಎಂದಷ್ಟೇ ಬರೆಸಿದರೆ ಸಾಲದು. ಆ ಕಾಲಿನಲ್ಲಿ ಕ್ಲಚ್ ಒತ್ತಲಾಗದ ಡ್ರೈವರ್ ಇನ್ನು ಡ್ರೈವರ್ ಕೆಲಸ ಮಾಡಬಲ್ಲನೇ ಎಂಬುದು ಸಾಕ್ಷ್ಯದಲ್ಲಿ ಬರಬೇಕು.

ತಾತ್ಕಾಲಿಕವಾಗಿ ಮಲಗಿದವರಿಗೆ ಈ ಕಾನೂನು ಜಿಪುಣ. ಹದಿನೈದು ದಿನಕ್ಕೊಮ್ಮೆ ತಿಂಗಳ ಸಂಬಳದ ಕಾಲು ಭಾಗ, ಗರಿಷ್ಠ ಐದು ವರ್ಷ. ಅಂದರೆ ಅರ್ಧ ಸಂಬಳ. ಇಎಸ್‌ಐ ಶೇ 90 ಕೊಡುವುದನ್ನು ನೆನೆದರೆ ವ್ಯತ್ಯಾಸ ತಿಳಿಯುತ್ತದೆ.

ಮಾಲೀಕರು ಒಂದು ತಿಂಗಳೊಳಗೆ ಕೊಡದಿದ್ದರೆ ಶೇ 12 ಬಡ್ಡಿ. ಸಕಾರಣವಿಲ್ಲದೆ ಎಳೆದರೆ ಮೇಲೆ ಶೇ 50ರವರೆಗೆ ದಂಡ. ವಿಮೆ ಇದ್ದರೆ ಪರಿಹಾರ ಮತ್ತು ಬಡ್ಡಿಯನ್ನು ವಿಮಾ ಕಂಪನಿ ಭರಿಸುತ್ತದೆ, ದಂಡ ಮಾತ್ರ ಮಾಲೀಕರ ಜೇಬಿನಿಂದಲೇ ಹೋಗಬೇಕೆಂದು ಸುಪ್ರೀಂ ಕೋರ್ಟ್ 1997ರಲ್ಲಿ ಹೇಳಿದೆ.

ಮಾಲೀಕರು ಹೇಳುವ ನೆಪಗಳು

‘ಕುಡಿದಿದ್ದ.’ ‘ಹೆಲ್ಮೆಟ್ ಹಾಕು ಎಂದರೂ ಹಾಕಲಿಲ್ಲ.’ ‘ಗಾರ್ಡ್ ತಾನೇ ಬಿಚ್ಚಿದ.’ ಈ ಮೂರಕ್ಕೂ ಕಾನೂನಿನಲ್ಲಿ ಜಾಗವಿದೆ, ಆದರೆ ಸಣ್ಣ ಜಾಗ. ಸಾವು ಅಥವಾ ಪೂರ್ತಿ ಶಾಶ್ವತ ಅಂಗವೈಕಲ್ಯ ಆಗಿದ್ದರೆ ಈ ನೆಪ ಯಾವುದೂ ಕೆಲಸಕ್ಕೆ ಬಾರದು. ಸಣ್ಣ ಗಾಯಗಳಲ್ಲೂ ಪೆಟ್ಟಿಗೆ ಅದೇ ನೇರ ಕಾರಣ, ಬೇಕೆಂದೇ ಮಾಡಿದ್ದು ಎಂದು ಮಾಲೀಕರು ರುಜುವಾತು ಮಾಡಬೇಕು. ಟಾರ್ಗೆಟ್ ಮುಟ್ಟಲೆಂದು ಫೋರ್‌ಮನ್ನೇ ಗಾರ್ಡ್ ತೆಗೆಸಿದ್ದರೆ ಅದು ಕೆಲಸಗಾರರ ತಪ್ಪಾಗುವುದಿಲ್ಲ.

‘ಅವನು ನಮ್ಮವನಲ್ಲ, ಕಂಟ್ರಾಕ್ಟರ್ ಕಡೆಯವನು’ ಎಂಬುದು ಇನ್ನೊಂದು. ಅಪಾರ್ಟ್‌ಮೆಂಟ್ ಕಟ್ಟುವ ಸೈಟಿನಲ್ಲಿ ಬಿಲ್ಡರ್, ಅವರ ಕೆಳಗೆ ಕಂಟ್ರಾಕ್ಟರ್, ಅವರ ಕೆಳಗೆ ರಾಯಚೂರಿನಿಂದಲೋ ಯಾದಗಿರಿಯಿಂದಲೋ ಜನ ಕರೆತಂದ ಮೇಸ್ತ್ರಿ. ಸೆಂಟ್ರಿಂಗ್ ಕುಸಿದ ಮರುದಿನ ಮೇಸ್ತ್ರಿಯ ಫೋನ್ ಸ್ವಿಚ್ ಆಫ್. ಕಾನೂನು ಇದನ್ನು ಮೊದಲೇ ಊಹಿಸಿದೆ. ತನ್ನ ಉದ್ಯಮದ ಕೆಲಸವನ್ನು ಗುತ್ತಿಗೆಗೆ ಕೊಟ್ಟ ಮುಖ್ಯ ಮಾಲೀಕರೇ ಪರಿಹಾರ ಕೊಡಬೇಕು, ಆಮೇಲೆ ಬೇಕಾದರೆ ಗುತ್ತಿಗೆದಾರರಿಂದ ವಸೂಲಿ ಮಾಡಿಕೊಳ್ಳಲಿ. ಅರ್ಜಿಯಲ್ಲಿ ಮೂವರ ಹೆಸರನ್ನೂ ಸೇರಿಸಿ.

ದಾರಿಯಲ್ಲಿ ಆದ ಅಪಘಾತದ್ದು ಬಹಳ ಕಾಲ ಗೊಂದಲವಾಗಿತ್ತು. ಕಾರ್ಖಾನೆಗೆ ಒಂದು ಕಿಲೋಮೀಟರ್ ದೂರದಲ್ಲಿ ಸೈಕಲ್ ಮೇಲೆ ಬರುತ್ತಿದ್ದವರಿಗೆ ಲಾರಿ ಗುದ್ದಿದ ಪ್ರಕರಣದಲ್ಲಿ, ಅದು ಕೆಲಸದ ಅಪಘಾತವಲ್ಲ ಎಂದು ಸುಪ್ರೀಂ ಕೋರ್ಟ್ 1996ರಲ್ಲಿ ಹೇಳಿತ್ತು. 2010ರಲ್ಲಿ ಇಎಸ್‌ಐ ಕಾಯ್ದೆ ತಿದ್ದುಪಡಿಯಾಗಿ, ಮನೆಯಿಂದ ಕೆಲಸಕ್ಕೆ ಹೋಗಿಬರುವ ದಾರಿಯ ಅಪಘಾತವೂ ಸೇರಿತು. ಮಹಾರಾಷ್ಟ್ರದ ಸಕ್ಕರೆ ಕಾರ್ಖಾನೆಯ ಕಾವಲುಗಾರರೊಬ್ಬರು ಬೆಳಗಿನ ಜಾವದ ಪಾಳಿಗೆ ಬೈಕಿನಲ್ಲಿ ಹೊರಟು ದಾರಿಯಲ್ಲಿ ತೀರಿಕೊಂಡಿದ್ದ ಪ್ರಕರಣದಲ್ಲಿ, ಇದೇ ಅರ್ಥ ನೌಕರರ ಪರಿಹಾರ ಕಾಯ್ದೆಗೂ ಅನ್ವಯಿಸುತ್ತದೆ ಎಂದು 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಹೊಸ ಸಂಹಿತೆಯಲ್ಲಿ ಇದನ್ನು ನೇರವಾಗಿಯೇ ಬರೆದಿದ್ದಾರೆ. ಸಮಯ, ಜಾಗ, ಸಂದರ್ಭ ಮೂರೂ ಕೆಲಸಕ್ಕೆ ಹೊಂದಬೇಕು. ಡ್ಯೂಟಿ ಮುಗಿಸಿ ಮದುವೆ ಮನೆಗೆ ಹೋಗುವ ದಾರಿ ಇದಕ್ಕೆ ಸೇರುವುದಿಲ್ಲ.

ಲಾರಿ ಡ್ರೈವರ್‌ಗಳ ಮಾತು ಸ್ವಲ್ಪ ಬೇರೆ. ಅಪಘಾತದಲ್ಲಿ ಬೇರೆ ವಾಹನದವರ ತಪ್ಪಿದ್ದರೆ ಮೋಟಾರು ಅಪಘಾತ ನ್ಯಾಯಮಂಡಳಿಗೆ ಹೋಗಬಹುದು. ಅಲ್ಲಿ ಸಂಬಳಕ್ಕೆ ಇಂಥ ಮಿತಿಯಿಲ್ಲ, ಮೊತ್ತ ಹೆಚ್ಚಾಗಬಹುದು. ತನ್ನದೇ ನಿದ್ದೆಗಣ್ಣಿನಿಂದ ಲಾರಿ ಮಗುಚಿದ್ದರೆ ಅಲ್ಲಿ ಕಷ್ಟ. ತಪ್ಪು ಕೇಳದ ನೌಕರರ ಪರಿಹಾರವೇ ಆಗ ದಾರಿ. ಎರಡರಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳಬೇಕು. ಅರ್ಜಿ ಹಾಕುವ ಮೊದಲೇ ವಕೀಲರ ಜೊತೆ ಕೂತು ಎರಡೂ ಲೆಕ್ಕ ಹಾಕಿಸಿ ನೋಡುವುದು ಒಳ್ಳೆಯದು.

ಮೊದಲ ವಾರದ ಕಾಗದಗಳು

ಮತ್ತೆ ಆಸ್ಪತ್ರೆಗೆ ಬರೋಣ. ಡಾಕ್ಟರು ‘ಏನಾಯ್ತು’ ಎಂದು ಕೇಳಿ ಬರೆದುಕೊಳ್ಳುವ ಒಂದೆರಡು ಸಾಲು ಆಮೇಲೆ ಎಲ್ಲ ಕಾಗದಕ್ಕೂ ತಾಯಿ. ‘ಇಂಥ ಕಾರ್ಖಾನೆಯಲ್ಲಿ, ಇಂಥ ಮಷಿನ್ನಿನಲ್ಲಿ, ಇಷ್ಟು ಹೊತ್ತಿಗೆ’ ಎಂದು ಹೇಳಿ, ಹಾಗೆ ಬರೆದಿದ್ದಾರೆಯೇ ಎಂದು ಓದಿಸಿಕೊಳ್ಳಿ. ಎಂಎಲ್‌ಸಿ (ಮೆಡಿಕೊ ಲೀಗಲ್ ಕೇಸ್) ಮಾಡಿಸಿ ಅದರ ಸಂಖ್ಯೆ ಕೇಳಿ ಪಡೆಯಿರಿ. ನರ್ಸಿಂಗ್ ಹೋಮಿನವರು ಹಿಂದೇಟು ಹಾಕಿದರೆ ಸರ್ಕಾರಿ ಆಸ್ಪತ್ರೆಗೆ ಹೋಗಿ ಮಾಡಿಸಬಹುದು. ಡಿಸ್ಚಾರ್ಜ್ ಸಮ್ಮರಿಯಲ್ಲಿ ಮತ್ತೆ ಅದೇ ವಿವರ ಇದೆಯೇ ನೋಡಿ. ಒಂದು ಕಡೆ ‘ಫ್ಯಾಕ್ಟರಿ’, ಇನ್ನೊಂದು ಕಡೆ ‘ಮನೆ’ ಎಂದಿದ್ದರೆ ವಿಮಾ ಕಂಪನಿಯ ವಕೀಲರಿಗೆ ಅಷ್ಟೇ ಸಾಕು.

ಕೈಗೆ ಬ್ಯಾಂಡೇಜ್ ಇರುವಾಗ ಇದನ್ನೆಲ್ಲ ಮಾಡುವುದು ಮನೆಯವರು, ಜೊತೆಯವರು. ಮಷಿನ್ನಿನ ಫೋಟೊ, ಆ ಶಿಫ್ಟಿನಲ್ಲಿದ್ದ ಇಬ್ಬರ ಹೆಸರು ಮತ್ತು ಫೋನ್ ಸಂಖ್ಯೆ, ಐಡಿ ಕಾರ್ಡ್, ಸಂಬಳ ಬಂದ ಬ್ಯಾಂಕ್ ವಿವರ. ಮೇಸ್ತ್ರಿ ವಾಟ್ಸ್‌ಆ್ಯಪ್‌ನಲ್ಲಿ ‘ನಾಳೆ ಎಂಟಕ್ಕೆ ಸೈಟಿಗೆ ಬಾ’ ಎಂದು ಕಳಿಸಿದ ವಾಯ್ಸ್ ಮೆಸೇಜ್ ಕೂಡ ಸಾಕ್ಷಿಯೇ, ಅಳಿಸಬೇಡಿ. ಮಾಲೀಕರಿಗೆ ಲಿಖಿತ ನೋಟಿಸ್ ಬೇಗ ಹೋಗಬೇಕು: ಹೆಸರು, ವಿಳಾಸ, ಯಾವ ದಿನ, ಹೇಗೆ ಪೆಟ್ಟಾಯಿತು, ಅಷ್ಟೇ. ಕನ್ನಡದಲ್ಲಿ, ಬಿಳಿ ಹಾಳೆಯ ಮೇಲೆ ಬರೆದರೆ ಸಾಕು. ರಿಜಿಸ್ಟರ್ಡ್ ಪೋಸ್ಟ್ ಈಗ ಸ್ಪೀಡ್ ಪೋಸ್ಟಿನೊಳಗೆ ಸೇರಿರುವುದರಿಂದ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಜೋಪಾನ ಮಾಡಿ.

ಕಾರ್ಖಾನೆಯವರಿಗೂ ಕೆಲಸವಿದೆ. ಇಎಸ್‌ಐ ಇದ್ದರೆ 24 ಗಂಟೆಯೊಳಗೆ ಅಪಘಾತ ವರದಿ ಕಳಿಸಬೇಕು. 48 ಗಂಟೆ ಅಥವಾ ಹೆಚ್ಚು ಕಾಲ ಕೆಲಸ ಮಾಡಲಾಗದಂಥ ಗಾಯವಾಗಿದ್ದರೆ ಕಾರ್ಖಾನೆಗಳ ಇಲಾಖೆಗೂ ತಿಳಿಸಬೇಕು. ಅವರು ಕಳಿಸದಿದ್ದರೆ ನೀವೇ ಇಎಸ್‌ಐ ಬ್ರಾಂಚ್ ಆಫೀಸಿಗೆ ಹೋಗಿ ಬರೆದುಕೊಡಿ.

ಸ್ಟ್ಯಾಂಪ್ ಪೇಪರಿನ ಮೇಲೆ ‘50,000 ಪಡೆದಿದ್ದೇನೆ, ಇನ್ನು ಯಾವ ಹಕ್ಕೂ ಇಲ್ಲ’ ಎಂದು ಸಹಿ ಹಾಕಿಸಿಕೊಳ್ಳುವುದು ಮಾಮೂಲು. ಸಹಿ ಹಾಕಿಬಿಟ್ಟವರೂ ಎದೆಗುಂದಬೇಕಿಲ್ಲ. ಕಾನೂನು ಕೊಟ್ಟ ಹಕ್ಕನ್ನು ಹೀಗೆ ಬರೆದುಕೊಟ್ಟು ಬಿಟ್ಟುಕೊಡಲು ಬರುವುದಿಲ್ಲ, ಅಂಥ ಕರಾರು ಊರ್ಜಿತವಲ್ಲ. ಸಾವಿನ ಪ್ರಕರಣದಲ್ಲಂತೂ ಮಾಲೀಕರು ಮನೆಗೆ ಬಂದು ಕೊಟ್ಟ ಹಣ ಪರಿಹಾರವೆಂದು ಲೆಕ್ಕಕ್ಕೇ ಬರುವುದಿಲ್ಲ. ಮೂರು ತಿಂಗಳ ಸಂಬಳದಷ್ಟು ಮುಂಗಡ ಬಿಟ್ಟರೆ ಉಳಿದದ್ದನ್ನು ಪ್ರಕರಣ ನಡೆಸುವ ಪ್ರಾಧಿಕಾರದಲ್ಲೇ ಠೇವಣಿ ಇಡಬೇಕು. ಹೆಂಡತಿ, ಮಕ್ಕಳು, ತಾಯಿ ಇವರಲ್ಲಿ ಯಾರಿಗೆ ಎಷ್ಟು ಎಂದು ಹಂಚುವುದು ಅಲ್ಲೇ. ಆ ಹಣವನ್ನು ಸಾಲಗಾರರು ಜಪ್ತಿ ಮಾಡಿಸುವಂತಿಲ್ಲ.

ದೂಳಿನ ರೋಗ

ಪೆಟ್ಟಿಗೆ ದಿನಾಂಕವಿರುತ್ತದೆ, ರೋಗಕ್ಕೆ ಇರುವುದಿಲ್ಲ. ಪರಿಹಾರದ ಕಾನೂನು ರೋಗಗಳನ್ನೂ ಅಪಘಾತವೆಂದೇ ಎಣಿಸುತ್ತದೆ. ಕಲ್ಲಿನ ದೂಳಿನಿಂದ ಬರುವ ಸಿಲಿಕೋಸಿಸ್, ಹತ್ತಿ ದೂಳಿನ ಬಿಸಿನೋಸಿಸ್, ಕಲ್ನಾರಿನ ಆಸ್ಬೆಸ್ಟೋಸಿಸ್, ಸೀಸ ಮತ್ತು ಪಾದರಸದ ವಿಷ, ಸದ್ದಿನಿಂದ ಕಿವಿ ಮಂದವಾಗುವುದು, ಆಸ್ಪತ್ರೆ ಸಿಬ್ಬಂದಿಗೆ ತಗಲುವ ಸೋಂಕು ಎಲ್ಲವೂ ಪಟ್ಟಿಯಲ್ಲಿವೆ. ಹೀಗಿದ್ದೂ ರೋಗಕ್ಕೆ ಪರಿಹಾರ ಪಡೆದವರು ಕಾಣಸಿಗುವುದು ಅಪರೂಪ.

ನಮ್ಮ ರಾಜ್ಯಕ್ಕೆ ಇದು ಹೊಸತಲ್ಲ. ಕೋಲಾರದ ಚಿನ್ನದ ಗಣಿಗಳಲ್ಲಿ 1940ರ ದಶಕದಲ್ಲೇ ಸಾವಿರಾರು ಕೆಲಸಗಾರರ ಎದೆ ತಪಾಸಣೆ ನಡೆದು, ದೊಡ್ಡ ಪಾಲಿನವರಲ್ಲಿ ಸಿಲಿಕೋಸಿಸ್ ಕಂಡಿತ್ತು. 2001ರಲ್ಲಿ ಗಣಿ ಮುಚ್ಚಿತು. ದೂಳು ಮಾತ್ರ ಕ್ವಾರಿಗೆ, ಜಲ್ಲಿ ಕ್ರಷರಿಗೆ, ಗ್ರಾನೈಟ್ ಪಾಲಿಷಿಗೆ, ಬೆಳಗಾವಿಯ ಫೌಂಡ್ರಿಗಳಿಗೆ ಹಂಚಿಹೋಗಿದೆ. ಅಲ್ಲಿ ದುಡಿದವರು ಕೆಮ್ಮು, ಏದುಸಿರು ಎಂದು ಹೋದರೆ ಅನೇಕ ಸಲ ಟಿಬಿ ಔಷಧ ಶುರುವಾಗುತ್ತದೆ. ಸಿಲಿಕೋಸಿಸ್ ಇದ್ದವರಿಗೆ ಟಿಬಿ ತಗಲುವುದೂ ಹೆಚ್ಚಾದ್ದರಿಂದ ಗುರುತಿಸುವುದು ಸುಲಭವಲ್ಲ. ಡಾಕ್ಟರು ಕೇಳದಿದ್ದರೂ ನೀವಾಗಿ ಹೇಳಿ: ‘ಇಷ್ಟು ವರ್ಷ ಕ್ರಷರಿನಲ್ಲಿದ್ದೆ, ಡ್ರಿಲ್ಲಿಂಗ್ ಮಾಡುತ್ತಿದ್ದೆ.’ ಹಳೆಯ ಎಕ್ಸ್‌ರೇಗಳನ್ನು ತೂಕಕ್ಕೆ ಹಾಕಬೇಡಿ, ಐದು ವರ್ಷದ ಹಿಂದಿನದಕ್ಕೂ ಇಂದಿನದಕ್ಕೂ ಇರುವ ವ್ಯತ್ಯಾಸವೇ ಮುಂದೆ ಸಾಕ್ಷಿಯಾದೀತು. ಇಂಥ ರೋಗ ಕಂಡ ಡಾಕ್ಟರು ಕಾರ್ಖಾನೆಗಳ ಇಲಾಖೆಗೆ ತಿಳಿಸಬೇಕೆಂಬ ನಿಯಮವಿದೆ. ಹಲವು ಮಾಲೀಕರ ಹತ್ತಿರ ದುಡಿದಿದ್ದರೆ ದೂಳಿನ ರೋಗಗಳಲ್ಲಿ ಹೊಣೆ ಅವರವರ ನಡುವೆ ಹಂಚಿಕೆಯಾಗುತ್ತದೆ. ಹಾಗಾಗಿ ಎಲ್ಲೆಲ್ಲಿ, ಯಾವ ವರ್ಷದಿಂದ ಯಾವ ವರ್ಷದವರೆಗೆ ಎಂಬುದನ್ನು ನೆನಪಿದ್ದಾಗಲೇ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ.

ನೌಕರ ಎನಿಸಿಕೊಳ್ಳದವರು

ಊಟ ತಲುಪಿಸುವ, ಬಾಡಿಗೆ ಬೈಕ್ ಓಡಿಸುವ ಹುಡುಗರನ್ನು ಕಂಪನಿಗಳು ‘ಪಾರ್ಟ್‌ನರ್’ ಎನ್ನುತ್ತವೆ, ಆದ್ದರಿಂದ ಮೇಲಿನ ಲೆಕ್ಕ ಅವರಿಗೆ ಸಿಗುವುದು ಕಷ್ಟ. ಕರ್ನಾಟಕ 2025ರಲ್ಲಿ ಇವರಿಗೆಂದೇ ಕಾಯ್ದೆ ಮಾಡಿದೆ. ಕೆಲಸಗಾರರಿಗೆ ಸಲ್ಲುವ ಮೊತ್ತದ ಮೇಲೆ ಶೇ 1ರಿಂದ 5ರವರೆಗೆ ಕಂಪನಿಗಳಿಂದ ಕಲ್ಯಾಣ ಶುಲ್ಕ, ಅದಕ್ಕೊಂದು ಮಂಡಳಿ. ಅದಕ್ಕೂ ಮೊದಲೇ ರಾಜ್ಯ ಸರ್ಕಾರದ ವಿಮಾ ಯೋಜನೆಯಲ್ಲಿ ಅಪಘಾತದ ಸಾವಿಗೆ 4 ಲಕ್ಷ ರೂಪಾಯಿ ಇಟ್ಟಿದ್ದರು. ಯಾವುದಕ್ಕೂ ಹೆಸರು ನೋಂದಾಯಿಸಿರಬೇಕು.

ಕಟ್ಟಡ ಕೆಲಸದವರಿಗೆ ಕಲ್ಯಾಣ ಮಂಡಳಿಯ ಕಾರ್ಡ್ ಇದ್ದರೆ ಅಪಘಾತದ ಸಹಾಯಧನ ಬೇರೆಯೇ ಬರುತ್ತದೆ, ಬಿಲ್ಡರ್ ಕೊಡಬೇಕಾದ ಪರಿಹಾರಕ್ಕೂ ಅದಕ್ಕೂ ಸಂಬಂಧವಿಲ್ಲ. ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕೆಲಸ ಮಾಡಿದ 18ರಿಂದ 60 ವರ್ಷದವರು ಕಾರ್ಡ್ ಮಾಡಿಸಬಹುದು. ನವೀಕರಣ ತಪ್ಪಿಸಬೇಡಿ.

ಅರ್ಜಿ ಎಲ್ಲಿ, ಯಾವಾಗ

ಮಾಲೀಕರ ವಿರುದ್ಧದ ಅರ್ಜಿಗೆ ಎರಡು ವರ್ಷ ಗಡುವು. ಸಾವಾಗಿದ್ದರೆ ಸಾವಿನ ದಿನದಿಂದ, ರೋಗವಾದರೆ ಅದರಿಂದಾಗಿ ಕೆಲಸಕ್ಕೆ ಸತತವಾಗಿ ಹೋಗಲಾಗದ ಮೊದಲ ದಿನದಿಂದ ಎಣಿಕೆ. ತಡವಾದದ್ದಕ್ಕೆ ಸಕಾರಣ ತೋರಿಸಿದರೆ ಆಮೇಲೂ ತೆಗೆದುಕೊಳ್ಳಬಹುದು, ಆದರೆ ಅದನ್ನು ನಂಬಿ ಕೂರಬಾರದು. ಕರ್ನಾಟಕದಲ್ಲಿ ಮೊದಲು ಕಾರ್ಮಿಕ ಅಧಿಕಾರಿಗಳು ನಡೆಸುತ್ತಿದ್ದ ಈ ಪ್ರಕರಣಗಳನ್ನು ಇತ್ತೀಚಿನ ವರ್ಷಗಳಲ್ಲಿ ಹಿರಿಯ ಸಿವಿಲ್ ನ್ಯಾಯಾಧೀಶರು ಆಯುಕ್ತರಾಗಿ ನಡೆಸುತ್ತ ಬಂದಿದ್ದಾರೆ. ಹೊಸ ಸಂಹಿತೆ ಆ ಸ್ಥಾನವನ್ನು ‘ಸಕ್ಷಮ ಪ್ರಾಧಿಕಾರ’ ಎನ್ನುತ್ತದೆ. ಅಪಘಾತ ಬೆಂಗಳೂರಿನಲ್ಲಿ ಆಗಿ, ಕುಟುಂಬ ಸಿಂಧನೂರಿಗೆ ಮರಳಿದ್ದರೆ ಅರ್ಜಿಯನ್ನು ಸಿಂಧನೂರಿನ ಕಡೆಯೇ ಹಾಕಬಹುದು. ವಿಚಾರಣೆಗೆ ಬೆಂಗಳೂರಿಗೆ ಓಡಾಡಬೇಕಿಲ್ಲ ಎಂಬುದು ಎಷ್ಟೋ ವಿಧವೆಯರಿಗೆ ಗೊತ್ತೇ ಇರುವುದಿಲ್ಲ.

ಗೆದ್ದ ಮೇಲೆ ವಿಮಾ ಕಂಪನಿ ಹೈಕೋರ್ಟಿಗೆ ಹೋದರೂ ಗಾಬರಿಯಾಗಬೇಡಿ. ಗಂಭೀರ ಕಾನೂನಿನ ಪ್ರಶ್ನೆ ಇದ್ದರಷ್ಟೇ ಅಲ್ಲಿ ಮೇಲ್ಮನವಿ ನಿಲ್ಲುತ್ತದೆ. ಸಂಬಳ ಎಷ್ಟಿತ್ತು, ಎಷ್ಟು ಶೇಕಡಾ ಊನ ಎಂಬ ಸಂಗತಿಗಳಲ್ಲಿ ಆಯುಕ್ತರ ಮಾತೇ ಕೊನೆಯದು. ಕರ್ನಾಟಕದಿಂದ ಹೋದ ಪ್ರಕರಣದಲ್ಲೇ ಸುಪ್ರೀಂ ಕೋರ್ಟ್ 2016ರಲ್ಲಿ ಇದನ್ನು ಒತ್ತಿ ಹೇಳಿದೆ. ಮೇಲ್ಮನವಿ ಹಾಕುವ ಮಾಲೀಕರು ಮೊದಲು ಹಣವನ್ನು ಠೇವಣಿ ಇಡಬೇಕು.

ವಕೀಲರ ಫೀಸಿಗೆ ಹೆದರಿ ಕೂತವರು ಒಂದನ್ನು ತಿಳಿಯಬೇಕು. ಕೈಗಾರಿಕಾ ಕಾರ್ಮಿಕರಿಗೆ, ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ಉಚಿತ ವಕೀಲರು ಸಿಗುತ್ತಾರೆ. ಪ್ರತಿ ತಾಲ್ಲೂಕು ಕೋರ್ಟಿನ ಆವರಣದಲ್ಲಿ ಕಾನೂನು ಸೇವಾ ಸಮಿತಿಯ ಕೋಣೆಯಿದೆ, ಸಹಾಯವಾಣಿ 15100. ಹೋಗುವಾಗ ಡಿಸ್ಚಾರ್ಜ್ ಸಮ್ಮರಿ, ಎಂಎಲ್‌ಸಿ ಸಂಖ್ಯೆ, ಆಧಾರ್, ವಯಸ್ಸಿನ ದಾಖಲೆ, ಸಂಬಳ ಬಂದ ಪಾಸ್‌ಬುಕ್, ಮಾಲೀಕರಿಗೆ ಕಳಿಸಿದ ನೋಟಿಸಿನ ರಸೀದಿ ಜೊತೆಯಲ್ಲಿರಲಿ. ಮೂಲ ಪ್ರತಿ ನಿಮ್ಮ ಬಳಿಯೇ ಇಟ್ಟುಕೊಂಡು ಅವರಿಗೆ ಜೆರಾಕ್ಸ್ ಕೊಡಿ.